ಹೆಬ್ಬೆಟ್ಟು ಬಂಡೆ ಮತ್ತು ನಲವತ್ತು ಅಡಿ ತಂತಿ

ರಾಮನಗರ ಸೀಮೆಯ ಹಳ್ಳಿಗಳಿಗೆ ಇಂಟರ್‌ನೆಟ್ ಮುಟ್ಟಿಸುವ ಹೊಣೆ ಹೊತ್ತ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಾನೊಬ್ಬ ಕಳ್ಳ. ಈ ಮಾತನ್ನು ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ, ಬೆಳಗಿನ ಕಾಫಿ ಕುಡಿದ ಮೇಲೆ ಬರೆಯುತ್ತಿದ್ದೇನೆ. ಕಳೆದ ಯುಗಾದಿಗೆ ನಾಲ್ಕು ದಿನ ಮುಂಚೆ, ಹಾಡಹಗಲಿನಲ್ಲಿ, ಸರ್ಕಾರದ ಸ್ವತ್ತಾದ ನಲವತ್ತು ಅಡಿ ಉದ್ದದ ಕಪ್ಪು ಫೈಬರ್ ಕೇಬಲನ್ನು ಕುಡುಗೋಲಿನಿಂದ ಕೊಯ್ದು ಮನೆಗೆ ಒಯ್ದಿದ್ದೇನೆ. ಮಾಲು ಸದ್ಯ ನಮ್ಮ ಹಿತ್ತಿಲಿನಲ್ಲಿ ಸೀಬೆ ಮರದಿಂದ ಬಚ್ಚಲುಮನೆಯ ಕಿಟಕಿಯವರೆಗೆ ಬಿಗಿದುಕೊಂಡಿದೆ. ಅದರ ಮೇಲೆ ನನ್ನ ಎರಡು ಪಂಚೆ, ನಮ್ಮ ಮನೆಯವರ ಒಂದು ಸೀರೆ, ಒಂದು ದಿಂಬಿನ ಚೀಲ ನೇತಾಡುತ್ತಿವೆ. ಮಹಜರಿಗೆ ಬರುವ ಸಿಬ್ಬಂದಿ ದಯವಿಟ್ಟು ಮಧ್ಯಾಹ್ನ ಮೂರರ ಮೇಲೆ ಬರಬೇಕು. ಅಷ್ಟರೊಳಗೆ ಬಟ್ಟೆ ಒಣಗಿರುತ್ತದೆ.

ಕದ್ದದ್ದು ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಆ ತಂತಿ ಸತ್ತಿತ್ತು, ಅದಕ್ಕೆ. ಎರಡು ವರ್ಷದ ಹಿಂದೆ ನಿಮ್ಮವರು ಪಂಚಾಯ್ತಿ ಕಚೇರಿಯಿಂದ ಕಂಬ ಕಂಬಕ್ಕೆ ಅದನ್ನು ಎಳೆದುಕೊಂಡು ಬಂದು, ಊರಿನ ನ್ಯಾಯಬೆಲೆ ಅಂಗಡಿಯ ಗೋಡೆಗೆ ಮೊಳೆ ಹೊಡೆದು, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಹೋದರು. ಹೋದವರು ಹೋದರು. ಅಂಗಡಿಯೊಳಗೆ ಇಡಬೇಕಾದ ಬಿಳಿ ಡಬ್ಬಿ ಬರಲೇ ಇಲ್ಲ. ಪಂಚಾಯ್ತಿಯಲ್ಲಿ ಇಟ್ಟ ದೊಡ್ಡ ಡಬ್ಬಿ ಬೀರುವಿನೊಳಗೆ ಸೇರಿತು, ಬೀರುವಿನ ಬೀಗದ ಕೈ ವರ್ಗವಾದ ಅಧಿಕಾರಿಯ ಜೇಬಿನಲ್ಲಿ ಅದೂ ವರ್ಗವಾಯಿತು. ತಂತಿ ನಮ್ಮ ಮನೆಯ ಹಿಂದೆ ಜೋತುಬಿದ್ದು ಎಮ್ಮೆಯ ಕೊಂಬಿಗೆ ಸಿಕ್ಕಿಕೊಳ್ಳತೊಡಗಿತು.

ಹಾಗೆಂದು ನಾನು ಪರೀಕ್ಷಿಸದೆ ತೀರ್ಪು ಕೊಟ್ಟವನಲ್ಲ. ಫೈಬರ್ ಎಂದರೆ ಬೆಳಕು ಹರಿಯುವ ಗಾಜಿನ ಎಳೆ. ಈ ಬೆಳಕು ಎಂಬ ಪಾಠವನ್ನು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಮಾಡಿ ನಿವೃತ್ತನಾದವನು ನಾನು. ಬೆಳಕಿನ ವಿಷಯದಲ್ಲಿ ಈ ಹೋಬಳಿಯಲ್ಲಿ ನನಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ನಮ್ರ ಅಭಿಪ್ರಾಯ. ಮೊದಲು ಒಂದು ಕಡೆ ಮಾತ್ರ ಕೊಯ್ದು, ಪಂಚಾಯ್ತಿ ಕಡೆಯಿಂದ ಬಂದ ತುದಿಯ ಸಿಪ್ಪೆ ಸುಲಿದು, ಪಂಚೆಯಲ್ಲಿ ಮರೆಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತುದಿಗೆ ಹಚ್ಚಿ ಎರಡು ನಿಮಿಷ ನೋಡಿದೆ. ಒಂದು ಮಿಣುಕೂ ಇಲ್ಲ. ಮರಣ ಖಚಿತ ಎಂದು ಸಾರಿದೆ. ಬೇಲಿಯ ಆಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಬೈರಪ್ಪ ಕೂಡಲೇ ಊರಿಗೆಲ್ಲ ಡಂಗುರ ಹೊಡೆದ: "ಕೇಳ್ರಲಾ, ಮೇಷ್ಟ್ರು ನಾಡಿ ಹಿಡ್ದು ನೋಡವ್ರೆ. ವೈರು ಹೋಗ್ಬುಟ್ಟೈತೆ."

ಅಂದಿನಿಂದ ಆ ನಲವತ್ತು ಅಡಿ ನಮ್ಮ ಹಿತ್ತಿಲಿನಲ್ಲಿದೆ. ಕಂಬದ ಮೇಲಿದ್ದಾಗ ಏನನ್ನೂ ಹೊರದ ತಂತಿ ನನ್ನ ಮನೆಯಲ್ಲಿ ಪಂಚೆಯನ್ನಾದರೂ ಹೊತ್ತಿದೆ. ನಡುವೆ ಒಂದು ದಿನ ಮನುಷ್ಯರನ್ನೂ ಹೊತ್ತಿತು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಅಪರಾಧ ಇಷ್ಟು. ಇನ್ನು ನಿಮ್ಮದು. ತಂತಿ ಕೊಡುತ್ತೇವೆಂದು ನಂಬಿಸಿ, "ಮೊಬೈಲ್ ಇದೆಯಲ್ಲ" ಎಂದು ಕೈ ತೊಳೆದುಕೊಂಡಿರಿ. ಆ ಮೊಬೈಲ್ ಸಿಗ್ನಲ್ ಹುಡುಕಿಕೊಂಡು ರೇಷನ್ನಿಗಾಗಿ ಬಂಡೆ ಹತ್ತಿದ ಕಾವೇರಮ್ಮ ಎಂಬ ಹೆಂಗಸು ಸೊಂಟ ಮುರಿದುಕೊಂಡು ಮಲಗಿದ್ದಾರೆ. ಬಂಡೆ ಹತ್ತಲಾಗದ ತಪ್ಪಿಗೆ ಅವರ ರೇಷನ್ ನಿಂತಿದೆ. ಈ ತಿಂಗಳ ಕೊನೆಯ ದಿನದೊಳಗೆ ಅವರು ರೇಷನ್ ಪಡೆಯದಿದ್ದರೆ, ಸತತ ಮೂರು ತಿಂಗಳು ಪಡೆಯದವರ ಪಟ್ಟಿಗೆ ಸೇರಿ ಕಾರ್ಡೇ ಅಮಾನತಾಗುತ್ತದೆ.

ಬಂಡೆಯ ಪರಿಚಯ ಮಾಡಿಕೊಡಬೇಕು, ನೀವು ಅದನ್ನು ನೋಡಿರಲಾರಿರಿ. ಗುಡೇಮಾರನಹಳ್ಳಿಯಿಂದ ಆಚೆಗೆ ಮೂರು ಮೈಲಿ ಬಂದರೆ ನಮ್ಮೂರು. ಊರಿನ ಬೆನ್ನಿಗೆ ಆನೆ ಮಲಗಿದ ಹಾಗೆ ಒಂದು ಕರಿಬಂಡೆ. ನಿಮ್ಮ ಮೊಬೈಲ್ ಗೋಪುರ ಆ ಬಂಡೆಯ ಆಚೆ ಮಗ್ಗುಲಿಗಿದೆ, ಊರು ಈಚೆ ಮಗ್ಗುಲಿಗೆ. ಕಲ್ಲಿಗೆ ನಿಮ್ಮ ತರಂಗಗಳ ಮೇಲೆ ಗೌರವವಿಲ್ಲ. ಆದ್ದರಿಂದ ಊರೊಳಗೆ ಸಿಗ್ನಲ್ ಬಾರದು, ಬಂಡೆಯ ನೆತ್ತಿಯಲ್ಲಿ ಮಾತ್ರ ಎರಡು ಗೆರೆ ಬರುತ್ತದೆ. ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಎಂದಿರಿ, ನಮಗೆ ದಕ್ಕಿದ್ದು ಬ್ರಾಡ್ ಬಂಡೆ.

ಊರಿನಲ್ಲಿ ಯಾರಿಗೆ ಏನು ಬೇಕಾದರೂ ಬಂಡೆ ಹತ್ತಬೇಕು. ರೇಷನ್ ಕೊಡುವ ವಾರದಲ್ಲಿ ನ್ಯಾಯಬೆಲೆ ಅಂಗಡಿಯ ನಟರಾಜು ಹೆಬ್ಬೆಟ್ಟಿನ ಮಿಷನ್ನನ್ನು ಊಟದ ಬುತ್ತಿಯ ಚೀಲದಲ್ಲಿ ಇಟ್ಟುಕೊಂಡು ಏಳು ಗಂಟೆಗೇ ಮೇಲೆ ಹೋಗಿ ಕೊಡೆ ಬಿಚ್ಚಿ ಕೂರುತ್ತಾನೆ. ಕಾರ್ಡುದಾರರು ಒಬ್ಬೊಬ್ಬರಾಗಿ ಹತ್ತಿ, ಬೆರಳು ಒತ್ತಿ, ಚೀಟಿ ಹಿಡಿದು ಇಳಿಯುತ್ತಾರೆ. ಕೆಳಗೆ ಅಂಗಡಿಯಲ್ಲಿ ನಟರಾಜುವಿನ ಹೆಂಡತಿ ಆ ಚೀಟಿ ನೋಡಿ ಅಕ್ಕಿ, ರಾಗಿ ತೂಗುತ್ತಾಳೆ. ಮೊದಲು ಆನೆಬಂಡೆ ಎನ್ನುತ್ತಿದ್ದ ಆ ಕಲ್ಲನ್ನು ಈಗ ಚಿಕ್ಕವರು ದೊಡ್ಡವರು ಎಲ್ಲರೂ ಹೆಬ್ಬೆಟ್ಟು ಬಂಡೆ ಎನ್ನುತ್ತಾರೆ. ಸರ್ವರ್ ಡೌನ್ ಎಂದು ಮಿಷನ್ನು ಹೇಳಿದ ದಿನ ನಮ್ಮೂರಿನಲ್ಲಿ ಸರ್ವರೂ ಡೌನ್, ಬಂದ ದಾರಿಯಲ್ಲೇ ಬರಿಗೈಲಿ ಇಳಿಯುತ್ತಾರೆ.

ಈ ಬಗ್ಗೆ ನಾನು ಬರೆದ ಮೊದಲ ಪತ್ರಕ್ಕೆ ನಿಮ್ಮ ಕಚೇರಿ ಕೊಟ್ಟ ಉತ್ತರ ನನ್ನ ಬಳಿ ಇದೆ. ನಮ್ಮೂರಿಗೆ ಈಗಾಗಲೇ ಐದನೇ ತಲೆಮಾರಿನ ಮೊಬೈಲ್ ಸೇವೆ ಒದಗಿಸಲಾಗಿದ್ದು, ತಂತಿಯ ಸಂಪರ್ಕಕ್ಕೆ ತುರ್ತು ಕಂಡುಬರುವುದಿಲ್ಲ, ನಕ್ಷೆ ಲಗತ್ತಿಸಿದೆ. ಆ ನಕ್ಷೆಯಲ್ಲಿ ನಮ್ಮೂರು ಕಡುನೇರಳೆ ಬಣ್ಣದಲ್ಲಿ ಹೊಳೆಯುತ್ತಿದೆ. ಬಂಡೆಯ ಗುರುತಿಲ್ಲ. ಕಲ್ಲನ್ನು ನಕ್ಷೆಯಿಂದ ಅಳಿಸಿದಷ್ಟು ಸುಲಭವಾಗಿ ನೆಲದಿಂದ ಎಬ್ಬಿಸಲಾಗದು ಎಂಬುದು ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಗೊತ್ತಿರಬೇಕಲ್ಲವೇ? ನೀವು ನಾಲ್ಕು ಜಿ ಕೊಟ್ಟಿರಿ, ಐದು ಜಿ ಕೊಟ್ಟಿರಿ. ನಾನು ಹನ್ನೊಂದು ಅರ್ಜಿ ಕೊಟ್ಟೆ. ಈ ಪಂದ್ಯದಲ್ಲಿ ನಾನೇ ಮುಂದಿದ್ದೇನೆ, ಏನು ಪ್ರಯೋಜನ?

ಮೊಬೈಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದಾರಿಯಲ್ಲಿ ಹೋಗುವವನಿಗೆ ಅದು ಬೇಕು. ಬೈರಪ್ಪ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿಕೊಂಡು ಹೋದ ದಿನ ಬೆಲೆ ಎಷ್ಟು ಬಿತ್ತು ಎಂದು ಮನೆಗೆ ಹೇಳಲು ಬೇಕು. ಆದರೆ ಗಾಳಿಯಲ್ಲಿ ಬರುವ ಇಂಟರ್‌ನೆಟ್ ಊರಿಗೆಲ್ಲ ಒಂದೇ ನಲ್ಲಿ ಇದ್ದ ಹಾಗೆ. ಮುಂದಿನವರ ಬಿಂದಿಗೆ ತುಂಬುವವರೆಗೆ ಹಿಂದಿನವರು ಕಾಯಬೇಕು. ಗೋಪುರ ಒಂದೇ, ಹಳ್ಳಿ ಆರು. ಎಲ್ಲರೂ ಒಟ್ಟಿಗೆ ಫೋನ್ ಎತ್ತಿಕೊಂಡರೆ ಬಂಡೆಯ ಮೇಲಿನ ಎರಡು ಗೆರೆಯೂ ಒಣಗುತ್ತವೆ. ಒಂದು ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ರೀಲು ಎಂದರೆ ಗೂಡಿನಿಂದ ನೂಲು ಸುತ್ತುವುದು. ಈಗ ಆ ಕಡೆಯ ಐದು ಹಳ್ಳಿಯವರು ನೋಡುವ ರೀಲು ಮುಗಿಯುವವರೆಗೆ ನಮ್ಮೂರಿನ ಅಕ್ಕಿ ಕಾಯುತ್ತದೆ. ತಂತಿ ಹಾಗಲ್ಲ. ಅದು ಮನೆಗೆ ಎಳೆದ ಪೈಪು. ಮಳೆಗೆ ಮಂಕಾಗದು, ಕಲ್ಲಿಗೆ ಹೆದರದು. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರು ಜೋಡಿಸುವ ಯಂತ್ರದ ತೋಳಿಗೆ ಅಪ್ಪಣೆ ತಂತಿಯಲ್ಲೇ ಹೋಗುತ್ತದೆ ಎಂದು ಕೇಳಿದ್ದೇನೆ. ಅಲ್ಲಿ ಯಾರೂ ಆ ತೋಳನ್ನು ಬುತ್ತಿ ಚೀಲದಲ್ಲಿ ಹಾಕಿಕೊಂಡು ಗುಡ್ಡ ಹತ್ತುವುದಿಲ್ಲ. ಕಬ್ಬಿಣದ ತೋಳಿಗೆ ತಂತಿ, ಮನುಷ್ಯರ ಹೆಬ್ಬೆಟ್ಟಿಗೆ ಗಾಳಿ. ಈ ಹಂಚಿಕೆ ಮಾಡಿದವರು ಯಾರು?

ಈಗ ಕಾವೇರಮ್ಮನ ವಿಷಯ. ಅರವತ್ತೇಳು ವರ್ಷ. ಅವರ ಹತ್ತೂ ಬೆರಳಿನಲ್ಲಿ ಗೆರೆಗಳಿಲ್ಲ. ಮೂವತ್ತು ವರ್ಷ ರಾಮನಗರದ ರೀಲಿಂಗ್ ಶೆಡ್ಡಿನಲ್ಲಿ ಕುದಿಯುವ ನೀರಿಗೆ ಕೈ ಅದ್ದಿ ಅದ್ದಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆದವರು ಅವರು. ಬೆರಳ ತುದಿ ಈಗ ಬೆಣಚು ಕಲ್ಲಿನಷ್ಟು ನುಣುಪು. ಮಿಷನ್ನಿಗೆ ಗೆರೆ ಬೇಕು. ಕಾರ್ಡಿನಲ್ಲಿ ಇನ್ನೊಂದು ಹೆಸರು ಮೊಮ್ಮಗಳು ನವ್ಯಶ್ರೀಯದು. ಹಾಸ್ಟೆಲಿನಲ್ಲಿದ್ದುಕೊಂಡು ಮಾಗಡಿಯಲ್ಲಿ ಪಿಯುಸಿ ಓದುತ್ತಿರುವ ಹುಡುಗಿ. ಚಿಕ್ಕಂದಿನಲ್ಲಿ ಕೊಟ್ಟ ಅವಳ ಬೆರಳಿನ ಗುರುತು ಈಗ ಹೊಂದುವುದಿಲ್ಲ, ಹೊಸದು ಕೊಟ್ಟಿದ್ದಾಳೆ, ಅದು ಇನ್ನೂ ಯಾವುದೋ ಪರಿಶೀಲನೆಯಲ್ಲಿದೆ. ಕಣ್ಣು ನೋಡಿ ಗುರುತು ಹಿಡಿಯುವ ಇನ್ನೊಂದು ಯಂತ್ರವೂ ನಟರಾಜುವಿನ ಹತ್ತಿರ ಇದೆ. ಕಾವೇರಮ್ಮನ ಕಣ್ಣು ಚೆನ್ನಾಗಿಯೇ ಇವೆ. ಆದರೆ ಬೆರಳಿಗಿಂತ ಕಣ್ಣಿನ ಚಿತ್ರ ದೊಡ್ಡದಂತೆ. ಬಂಡೆಯ ಮೇಲಿನ ಎರಡು ಗೆರೆಯಲ್ಲಿ ಅದು ಅರ್ಧ ದಾರಿ ಹೋಗಿ ಸಾಯುತ್ತದೆ. ಅಂಗಡಿಗೆ ತಂತಿ ಬಂದಿದ್ದರೆ ಆ ಯಂತ್ರ ಒಂದೇ ನಿಮಿಷದಲ್ಲಿ ಅವರನ್ನು ಗುರುತು ಹಿಡಿಯುತ್ತಿತ್ತು. ಅಂಗಡಿ ಅವರ ಮನೆಯಿಂದ ಮೂರನೆಯದು.

ಪ್ರತಿ ತಿಂಗಳೂ ನಡೆಯುತ್ತಿದ್ದ ಮಾತುಕತೆಯನ್ನು ನಾನು ಸರದಿಯಲ್ಲಿ ನಿಂತು ಕೇಳಿದ್ದೇನೆ.

"ಎಡಗೈ ನಡುಬೆಳ್ಳು ಕೊಡಮ್ಮ," ಎಂದು ನಟರಾಜು ಕೇಳುತ್ತಿದ್ದ.

"ಅದೂ ಸವ್ದೈತೆ ಕಣಪ್ಪ. ಯಾವ್ ಬೆಳ್ಳು ಬೇಕು ಏಳು, ಹತ್ತೂ ತಂದಿವ್ನಿ."

"ಒಸಿ ಸೀರೆಗೆ ಒರ್ಸ್ಕೊಂಡು ಒತ್ತು. ಗುರ್ತು ಕಾಣ್ತಿಲ್ಲ."

"ನನ್ ಬೆಳ್ಳಿನ ಗುರ್ತಾ? ಅದು ರೇಷ್ಮೆ ಸೀರೆ ಉಟ್ಟೋರ ಮೈಮ್ಯಾಲೆ ಐತೆ ಕಣ್ಲಾ ನಟ್ರಾಜ. ಅವರ್ ತಾವ್ಕೆ ಹೋಗಿ ತಂಬ್ ತಕ್ಕೋ."

ಸರದಿ ನಕ್ಕಿತು. ನಾನೂ ನಕ್ಕೆ. ಹತ್ತೋ ಹನ್ನೆರಡೋ ಸಲ ಒತ್ತಿದ ಮೇಲೆ ಯಂತ್ರಕ್ಕೆ ಕರುಣೆ ಬಂದು ಚೀಟಿ ಹೊರಬೀಳುತ್ತಿತ್ತು. ಬೆರಳು ಹೊಂದಿದ ಕ್ಷಣದಲ್ಲಿ ಸಿಗ್ನಲ್ ಇದ್ದರೆ ಗೆದ್ದರು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಇಲ್ಲಿಂದ ಮುಂದೆ ನನ್ನ ಶ್ಲೇಷೆಗಳನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ಜುಲೈ ತಿಂಗಳು, ಆಷಾಢದ ಜಡಿಮಳೆ. ಮೊದಲ ದಿನ ಕಾವೇರಮ್ಮ ಹತ್ತಿ ಹೋದರು, ಸಿಗ್ನಲ್ ಇರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ, ಪಾಚಿ ಕಟ್ಟಿದ ಮೆಟ್ಟುಗಲ್ಲಿನ ಮೇಲೆ ಕಾಲಿಟ್ಟವರು ಜಾರಿದರು. ಎರಡಾಳುದ್ದ ಉರುಳಿ ಕತ್ತಾಳೆ ಪೊದೆಗೆ ಸಿಕ್ಕಿಬಿದ್ದರು. ನಾವು ಕೆಳಗಿನಿಂದ ಓಡಿದೆವು. ಕಾಲು ಅಸಹ್ಯವಾಗಿ ಹೊರಕ್ಕೆ ತಿರುಗಿತ್ತು. ಅವರು ಕಾರ್ಡು ಮಳೆಗೆ ನೆನೆಯದ ಹಾಗೆ ಎದೆಗೆ ಒತ್ತಿಕೊಂಡಿದ್ದರು.

ಆಂಬುಲೆನ್ಸಿಗೆ ಫೋನ್ ಮಾಡಬೇಕು. ಎಲ್ಲಿಂದ? ಮಾನ್ಯರೇ, ಇದನ್ನು ಓದುವಾಗ ನಿಮ್ಮ ಕಡುನೇರಳೆ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಫೋನ್ ಮಾಡಲು ಬಂಡೆಯ ನೆತ್ತಿಗೇ ಹೋಗಬೇಕು. ಬೈರಪ್ಪ ಬಿದ್ದಿದ್ದ ಆ ಹೆಂಗಸನ್ನು ದಾಟಿಕೊಂಡು, ಅವರು ಜಾರಿದ ಕಲ್ಲಿನ ಮೇಲೆಯೇ ಕಾಲಿಟ್ಟು ಮೇಲಕ್ಕೆ ಓಡಿದ. ಆರು ಸಲ ಕರೆ ಮಾಡಿದ ಮೇಲೆ ಏಳನೆಯದು ಹತ್ತಿತು. ಗಾಡಿ ಬರುವ ಹೊತ್ತಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ನಟರಾಜು ಮಿಷನ್ನಿನ ಮೇಲೆ ಹಿಡಿದಿದ್ದ ಕೊಡೆಯನ್ನು ಅವರ ಮೇಲೆ ಹಿಡಿದು ನಿಂತಿದ್ದ. ಮಿಷನ್ನು ನೆನೆಯಿತು.

ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಂಬಿ ಹಾಕಿದರು. ಕೂರಬಹುದು, ನಡೆಯುವ ಹಾಗಿಲ್ಲ. ಜುಲೈ ರೇಷನ್ ಹೋಯಿತು. ಆಗಸ್ಟಿನಲ್ಲಿ ನಾನು ಸಂಬಂಧಪಟ್ಟವರನ್ನೆಲ್ಲ ಕಂಡು ಬಂದೆ. ರೇಷನ್ ಕೊಡುವವರು ಹೇಳಿದರು: ನೆಟ್‌ವರ್ಕ್ ನಮ್ಮದಲ್ಲ. ನಿಮ್ಮ ಕಚೇರಿಯವರು ಹೇಳಿದರು: ರೇಷನ್ ನಮ್ಮದಲ್ಲ. ಬೆರಳು ಹೊಂದದವರಿಗೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಡುವ ವಿನಾಯಿತಿ ಇದೆಯಂತೆ, ಅದಕ್ಕೆ ಅನುಮತಿಯನ್ನು ಆನ್‌ಲೈನಿನಲ್ಲಿ ಪಡೆಯಬೇಕಂತೆ. ನಟರಾಜು ಬಂಡೆಯ ಮೇಲೆ ಕೂತು ನಾಲ್ಕು ದಿನ ಆ ಅರ್ಜಿ ತುಂಬಿದ. ಕೊನೆಯ ಪುಟದಲ್ಲಿ ಅರ್ಜಿದಾರರ ಬೆರಳಚ್ಚು ಕೇಳಿತು. ಕೊನೆಗೊಬ್ಬ ಸಜ್ಜನ ಅಧಿಕಾರಿ ಸಲಹೆ ಕೊಟ್ಟರು: "ಫಲಾನುಭವಿಯನ್ನು ನೆಟ್‌ವರ್ಕ್ ಇರುವ ಸ್ಥಳಕ್ಕೆ ಕರೆತನ್ನಿ."

ಕರೆದುಕೊಂಡು ಹೋದೆವು. ಪ್ಲಾಸ್ಟಿಕ್ ಕುರ್ಚಿಯ ಎರಡೂ ಪಕ್ಕಕ್ಕೆ ಎರಡು ಬೊಂಬು ಬಿಗಿಯಬೇಕಿತ್ತು. "ಹಗ್ಗ ಐತಾ ಮೇಷ್ಟ್ರೇ, ಜಾರ್ದಿರೋ ಅಂತದ್ದು?" ಎಂದ ಬೈರಪ್ಪ. ನಾನು ಹಿತ್ತಿಲಿಗೆ ಹೋಗಿ ಬಟ್ಟೆ ತೆಗೆದು ನಿಮ್ಮ ನಲವತ್ತು ಅಡಿ ಕೇಬಲ್ ಬಿಚ್ಚಿ ತಂದೆ. ಅದರಿಂದ ಕುರ್ಚಿಯನ್ನು ಬೊಂಬಿಗೂ ಕಾವೇರಮ್ಮನನ್ನು ಕುರ್ಚಿಗೂ ಸುತ್ತಿ ಕಟ್ಟಿದೆವು. ಇಂಟರ್‌ನೆಟ್ ತರಬೇಕಾದ ತಂತಿ ಮನುಷ್ಯರನ್ನೇ ಇಂಟರ್‌ನೆಟ್ಟಿನ ಬಳಿಗೆ ಎಳೆದೊಯ್ದ ಈ ಸಾಧನೆಯನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಸೇರಿಸಬಹುದು.

ನಾಲ್ಕು ಜನ ಹೊತ್ತರು. ದಾರಿಯಲ್ಲಿ ಕಾವೇರಮ್ಮ, "ಮೆತ್ತಗೆ ಕಣ್ರಪ್ಪ, ಇನ್ನೂ ಜೀವ ಐತೆ. ಹೊತ್ಕೊಂಡು ಹೋಗೋ ರೀತಿ ನೋಡುದ್ರೆ ನಂಗೇ ಅನುಮಾನ ಬತ್ತಾ ಐತೆ," ಎಂದರು. ಯಾರೂ ನಗಲಿಲ್ಲ. ಮೇಲೆ ಮಿಷನ್ನು ಎಂಟು ಬೆರಳು ಹೊಂದುವುದಿಲ್ಲ ಎಂದಿತು. ಒಂಬತ್ತನೆಯದು ಹೊಂದಿತು. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. ಸಂಪರ್ಕ ಕಡಿತಗೊಂಡಿದೆ, ಮತ್ತೆ ಪ್ರಯತ್ನಿಸಿ. ಮತ್ತೆ ಪ್ರಯತ್ನಿಸಿದೆವು. ನೋವಿಗೆ ಅವರ ತುಟಿ ಬಿಳಿಚಿಕೊಂಡಿತ್ತು. "ಸಾಕು ಇಳ್ಸಿ," ಎಂದರು. ಆಗಸ್ಟಿನ ರೇಷನ್ನೂ ಹೋಯಿತು, ಈಗ ಸೆಪ್ಟೆಂಬರ್.

ಊರಿನವರು ಅವರ ಮನೆಗೆ ರಾಗಿ ಹಿಟ್ಟು ಕಳಿಸುತ್ತೇವೆ. ನಮ್ಮ ಮನೆಯವರು ಉಮಾಮಹೇಶ್ವರಿ ಸಾರಿನ ಪಾತ್ರೆ ಕೊಟ್ಟರೆ ಕಾವೇರಮ್ಮ ಪಾತ್ರೆ ತೊಳೆದು, ಅದರೊಳಗೆ ತಮ್ಮ ಬಳ್ಳಿಯ ನಾಲ್ಕು ಅವರೆಕಾಯಿ ಹಾಕಿಯೇ ವಾಪಸ್ ಕಳಿಸುತ್ತಾರೆ. "ನೀವು ಕೊಡೋದು ನಿಮ್ ದೊಡ್ಡತನ ಕಣವ್ವ. ಕಾರ್ಡಿಂದು ನನ್ ಹಕ್ಕು. ಹೆಸ್ರು ತೆಗ್ದ್ಬುಟ್ರೆ ನಾನು ಇಲ್ದೋಳಾಗೋಯ್ತೀನಿ," ಎನ್ನುತ್ತಾರೆ. ಆ ಕಾರ್ಡಿನ ಮೇಲೆಯೇ ಅವರ ಆಸ್ಪತ್ರೆ ನಡೆದದ್ದು. ಆ ಕಾರ್ಡಿನ ಮೇಲೆಯೇ ನವ್ಯಶ್ರೀಗೆ ಹಾಸ್ಟೆಲ್ ಸಿಕ್ಕಿರುವುದು. ಅಮಾನತಾದರೆ ಹುಡುಗಿ ಓದು ಬಿಟ್ಟು ಬರುತ್ತಾಳೆ. ಬಂದು ಎಲ್ಲಿಗೆ ಹೋಗುತ್ತಾಳೆ? ಅಜ್ಜಿ ಬೆರಳು ಸವೆಸಿದ ಶೆಡ್ಡುಗಳು ಇನ್ನೂ ಅಲ್ಲೇ ಇವೆ. ಅಜ್ಜಿಗೆ ಗೊತ್ತಿರುವ ದಾರಿ ಅದೊಂದೇ.

ಆದ್ದರಿಂದ ಹನ್ನೆರಡನೆಯ ಸಲ, ಈ ಬಾರಿ ಪತ್ರಿಕೆಗೂ ಒಂದು ಪ್ರತಿ ಹಾಕಿ ಸಾರ್ವಜನಿಕವಾಗಿ ಕೇಳುತ್ತಿದ್ದೇನೆ. ನಮ್ಮೂರಿನ ನ್ಯಾಯಬೆಲೆ ಅಂಗಡಿಗೆ ಈ ತಿಂಗಳು ಮುಗಿಯುವುದರೊಳಗೆ ತಂತಿಯ ಇಂಟರ್‌ನೆಟ್ ಕೊಡಿ. ಬೀರುವಿನ ಬೀಗ ಒಡೆಯಿರಿ. ಎರಡು ವರ್ಷ ಸತ್ತ ತಂತಿಯನ್ನು ನೇತುಹಾಕಿ ಕೆಲಸ ಮುಗಿಯಿತೆಂದು ಬರೆದುಕೊಂಡವರು ಯಾರೋ ಅವರನ್ನು ಒಮ್ಮೆ, ಒಂದೇ ಒಂದು ಸಲ, ಮಳೆಯಲ್ಲಿ ಹೆಬ್ಬೆಟ್ಟು ಬಂಡೆ ಹತ್ತಿಸಿ.

ಪತ್ರ ಇಲ್ಲಿಗೆ ಮುಗಿದಿತ್ತು, ಮಾನ್ಯರೇ. ಇಂತಿ ಎಂದು ಬರೆದು ಹೆಸರನ್ನೂ ಹಾಕಿದ್ದೆ. ಚೆನ್ನಾಗಿ ಬಂದಿದೆ ಎಂದು ಉಮಾಮಹೇಶ್ವರಿಗೆ ಎರಡು ಸಲ ಓದಿಯೂ ಹೇಳಿದ್ದೆ. ಅಂಚೆಗೆ ಹಾಕುವ ಮುಂಚೆ, ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ, ಬೈಕಿಗೆ ಏಣಿ ಕಟ್ಟಿಕೊಂಡು ನಿಮ್ಮ ಲೈನ್ ಕೆಲಸದ ಮತೀನ್ ಬಂದರು. ನನ್ನ ಹನ್ನೊಂದನೆಯ ಅರ್ಜಿ ಕೊನೆಗೂ ಯಾರದೋ ಮೇಜಿನಿಂದ ಅವರ ಕೈಗೆ ಬಂದಿತ್ತು. ಪಂಚಾಯ್ತಿಯಿಂದ ಕಂಬ ಎಣಿಸುತ್ತಾ ಬಂದವರು ನಮ್ಮ ಹಿತ್ತಿಲಿನ ಹತ್ತಿರ ನಿಂತು, ಮೇಲೆ ನೋಡಿದರು, ನನ್ನ ಪಂಚೆಯನ್ನು ನೋಡಿದರು.

"ಸಾರ್, ಹದಿನೇಳನೇ ಕಂಬದಿಂದ ಹದಿನೆಂಟಕ್ಕೆ ಕೇಬಲ್ಲೇ ಇಲ್ಲ. ಇಲ್ಲೇ ಕಟ್ ಆಗಿರೋದು, ನೋಡಿ. ಜೂನ್ ತಿಂಗಳಲ್ಲಿ ನಾನೇ ಬಂದಿದ್ದೆ, ರೇಷನ್ ಸೊಸೈಟಿಗೆ ಡಬ್ಬಿ ಹಾಕೋಕೆ. ಡಬ್ಬಿ ತಂದಿದ್ದೆ ಸಾರ್, ಅಂಗಡಿ ಬಾಗಿಲು ಹಾಕಿತ್ತು, ಗೋಡೆ ಮೇಲಿನ ಕೇಬಲ್‌ನಲ್ಲಿ ಲೈಟೇ ಬರ್ಲಿಲ್ಲ. ಮಳೆ ಬೇರೆ. ಲೈನ್ ಕಟ್ ಅಂತ ಬರೆದು ವಾಪಸ್ ಹೋದೆ. ಮೇಲ್ನೋರು, ಪಬ್ಲಿಕ್ ಹಾಳು ಮಾಡಿದಾರೆ ಅಂತ ಫೈಲ್ ಮುಚ್ಚಿಬಿಟ್ರು."

"ಲೈಟ್ ಎಲ್ಲಿತ್ತಪ್ಪ ಇದರಲ್ಲಿ?" ಎಂದು ನಾನು ನಕ್ಕೆ. "ಇದು ಮೊದಲಿಂದಲೂ ಸತ್ತಿತ್ತು. ನಾನೇ ಕಣ್ಣಿಟ್ಟು ನೋಡಿದೀನಿ."

"ಕಣ್ಣಿಟ್ಟು ನೋಡಿದ್ರಾ!" ಮತೀನ್ ಗಾಬರಿಯಾದರು. "ಹಾಗೆಲ್ಲ ನೋಡ್ಬಾರ್ದು ಸಾರ್, ಕಣ್ಣು ಹೋಗುತ್ತೆ." ಏಣಿ ಹಾಕಿ ಹದಿನೇಳನೇ ಕಂಬ ಹತ್ತಿ, ಪಂಚಾಯ್ತಿ ಕಡೆಯಿಂದ ಬಂದ ಮೊಂಡು ತುದಿಯನ್ನು ಒರೆಸಿ ಕೆತ್ತಿ, ಕೈಯಲ್ಲಿದ್ದ ಸಣ್ಣ ಮೀಟರಿಗೆ ಸಿಕ್ಕಿಸಿದರು. ಮೀಟರಿನಲ್ಲಿ ಅಂಕಿಗಳು ಎದ್ದವು. ಅದನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ಫುಲ್ ಬರ್ತಾ ಇದೆ ಸಾರ್. ಬೀರು ಒಳಗಿನ ಡಬ್ಬಿ ಎರಡು ವರ್ಷದಿಂದ ಆನ್ ಆಗೇ ಇದೆ. ಈ ಲೈಟು ಕಣ್ಣಿಗೆ ಕಾಣಲ್ಲ. ಇನ್‌ಫ್ರಾರೆಡ್ ಅಂತ. ಐಟಿಐನಲ್ಲಿ ಹೇಳಿಕೊಟ್ಟಿದ್ರು." ಆಮೇಲೆ ನನಗೆ ಧೈರ್ಯ ಹೇಳುವ ಹಾಗೆ, "ಬೇಕಾದ್ರೆ ಯಾರಾದ್ರೂ ಫಿಸಿಕ್ಸ್ ಮೇಷ್ಟ್ರನ್ನ ಕೇಳಿ ಸಾರ್, ಹೇಳ್ತಾರೆ," ಎಂದರು.

ಅವಗೆಂಪು ಕಿರಣ. ಮನುಷ್ಯನ ಕಣ್ಣಿಗೆ ಕಾಣದ್ದು. ಆ ಉತ್ತರಕ್ಕೆ ಮೂವತ್ತೊಂದು ವರ್ಷ ಒಂದೊಂದು ಅಂಕ ಕೊಡುತ್ತಾ ಬಂದವನು ನಾನು. ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು.

ಮಾರ್ಚಿನಲ್ಲಿ ನಾನು ಕೊಯ್ದೆ. ಜೂನಿನಲ್ಲಿ ಡಬ್ಬಿ ಬಂದು ವಾಪಸ್ ಹೋಯಿತು. ಜುಲೈಯಲ್ಲಿ ಕಾವೇರಮ್ಮ ಬಂಡೆ ಹತ್ತಿದರು. ಇದನ್ನು ಕೂಡಿ ನೋಡಲು ಭೌತಶಾಸ್ತ್ರ ಬೇಕಿಲ್ಲ.

"ಯಾರು ಸಾರ್ ಕುಯ್ದಿದ್ದು?" ಎಂದು ಮತೀನ್ ಕೇಳಿದರು. ನಾನೊಬ್ಬ ಕಳ್ಳ ಎಂದು ನಿಮಗೆ ಅಷ್ಟು ಗತ್ತಿನಿಂದ ಬರೆದಿಟ್ಟವನು ಆ ಮನುಷ್ಯನ ಮುಖ ನೋಡಿಕೊಂಡು ಹೇಳಿದ್ದು: "ಯಾರೋ ಹುಡುಗರಿರಬೇಕು."

ಹಿತ್ತಿಲ ಬಾಗಿಲಿನಿಂದ ಉಮಾಮಹೇಶ್ವರಿಯ ದನಿ ಬಂತು. "ಯಾವ ಹುಡುಗರು ರೀ? ಅರವತ್ತಾರು ವರ್ಷದ ಹುಡುಗರೇ?" ಆಕೆ ಬಂದು ಪಂಚೆ, ಸೀರೆ, ದಿಂಬಿನ ಚೀಲ ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಂಡು, ಬರಿದಾದ ತಂತಿಯನ್ನು ಮತೀನ್‌ಗೆ ತೋರಿಸಿ ಒಳಗೆ ಹೋದಳು.

ಮಧ್ಯಾಹ್ನ ನಾನು ಕಾವೇರಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಂತಿಯ ವಿಷಯ, ಬೆಳಕಿನ ವಿಷಯ, ಜೂನಿನಲ್ಲಿ ಬಂದು ಹೋದ ಡಬ್ಬಿಯ ವಿಷಯ ಎಲ್ಲ ಹೇಳಿದೆ. ಮುಗಿಯುವವರೆಗೆ ಕೈ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿ, ಅಂದು ಹೊರಕ್ಕೆ ತಿರುಗಿದ್ದ ತಮ್ಮ ಕಾಲನ್ನು ನೋಡಿದರು.

"ನನ್ನ ಕಟ್ಟಿ ಹೊತ್ಕೊಂಡ್ ಹೋದ್ರಲ್ಲ, ಅದೇ ವೈರಾ ಮೇಷ್ಟ್ರೇ?"

"ಅದೇ."

"ಹ್ಞೂಂ." ಮತ್ತೊಂದು ಕಾಯಿ ಬಿಡಿಸಿದರು. "ಬಟ್ಟೆನಾದ್ರೂ ಒಣ್ಗ್ತಲ್ಲ, ಬುಡಿ."

ಬೈದಿದ್ದರೆ ನಾನು ಈ ಪತ್ರವನ್ನು ಹರಿದು ಹಾಕುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಕಳಿಸುತ್ತಿದ್ದೇನೆ.

ಮೇಲೆ ಬರೆದದ್ದನ್ನು ಅಳಿಸಿಲ್ಲ. ಅಂಗಡಿಗೆ ಬರಬೇಕಿದ್ದ ಬಿಳಿ ಡಬ್ಬಿ ಎರಡು ವರ್ಷ ನಿಮ್ಮ ಉಗ್ರಾಣದಲ್ಲಿ ಮಲಗಿದ್ದು ಸುಳ್ಳಲ್ಲ. ತಂತಿಗೆ ಜೀವವಿದೆ ಎಂದು ಊರಿಗೆ ಒಂದು ಮಾತು ಹೇಳದೆ ಬೀರುವಿಗೆ ಬೀಗ ಹಾಕಿದ್ದು ಸುಳ್ಳಲ್ಲ. ಕಡಿದ ಕಡೆ ಜೋಡಿಸುವ ಬದಲು ಫೈಲ್ ಮುಚ್ಚಿದ್ದೂ ಸುಳ್ಳಲ್ಲ. ಆದರೆ ನಿಮ್ಮ ಅಪರಾಧಕ್ಕೆ ಕುಡುಗೋಲು ಒದಗಿಸಿದವನು ನಾನು. ಸತ್ತ ತಂತಿ ಎಂದು ಮೇಲೆ ಎಷ್ಟು ಕಡೆ ಬರೆದಿದ್ದೇನೋ ಅಷ್ಟೂ ಕಡೆ, ನಾನು ಕೊಂದ ತಂತಿ ಎಂದು ಓದಿಕೊಳ್ಳಿ.

ಹಿತ್ತಿಲಿನ ಕೇಬಲ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲವಂತೆ, ಒಳಗಿನ ಗಾಜು ಪುಡಿಯಾಗಿದೆ. ಹೊಸ ನಲವತ್ತು ಅಡಿ ಬೇಕು, ಅದಕ್ಕೆ ನಿಮ್ಮ ಒಂದು ಸಹಿ ಬೇಕು ಎಂದು ಮತೀನ್ ಹೇಳಿ ಹೋಗಿದ್ದಾರೆ. ಡಬ್ಬಿ ಅವರ ಹತ್ತಿರ ತಯಾರಿದೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ನನ್ನ ಮೇಲೆ ಕೇಸು ಹಾಕಬೇಕಾದ್ದು ನ್ಯಾಯ, ಹಾಕಿ. ಆದರೆ ಕೇಸು ಆಮೇಲೆ ಹಾಕಿ, ಕೇಬಲ್ ಮೊದಲು ಹಾಕಿ. ಒಂಬತ್ತು ದಿನದೊಳಗೆ ಕಾವೇರಮ್ಮ ಅಂಗಡಿಯಲ್ಲಿ ಕೂತು ಆ ಯಂತ್ರಕ್ಕೆ ಒಮ್ಮೆ ಕಣ್ಣು ತೋರಿಸಬೇಕು. ಅವರ ಕಣ್ಣು ಚೆನ್ನಾಗಿವೆ ಎಂದು ಆಗಲೇ ಬರೆದಿದ್ದೇನೆ. ಕೆಟ್ಟಿರುವುದು ಯಾರ ಕಣ್ಣು ಎಂಬುದು ಈಗ ಊರಿಗೆಲ್ಲ ಗೊತ್ತು, ಬೈರಪ್ಪ ಡಂಗುರ ಹೊಡೆದಾಗಿದೆ.

ಇಂತಿ,
ಎದುರಿಗಿದ್ದ ಬೆಳಕನ್ನು ಕಾಣದೆ ಕೊಯ್ದ,
ಮಲ್ಲಿಕಾರ್ಜುನಯ್ಯ
ಬೆಳಕಿನ ಪಾಠದ ನಿವೃತ್ತ ಮೇಷ್ಟ್ರು
(ಸದ್ಯ ಪಂಚೆಯನ್ನು ಬೇಲಿಯ ಮೇಲೆ ಒಣಹಾಕುತ್ತಿರುವವನು)